ಜಡಿಮಳೆಯಲ್ಲಿ ಪುದೀನ, ದೊಡ್ಡಪತ್ರೆ ಒಣಗಿಸೋದು ಹೇಗೆ? ಎರಡು ಸಲ ಬೂಷ್ಟು, ಒಂದು ಸಲ ಹೊಗೆ

ಕೊಪ್ಪದ ಮಳೆ
ಎಲ್ಲರಿಗೂ ನಮಸ್ಕಾರ. ಕೊಪ್ಪದಿಂದ ಎಂಟು ಕಿಲೋಮೀಟರ್ ಒಳಗೆ ನಮ್ಮ ಮನೆ. ಈ ಸಲ ಅಂಗಳದ ಬದಿಯಲ್ಲಿ ಪುದೀನ, ದೊಡ್ಡಪತ್ರೆ, ಮಜ್ಜಿಗೆ ಹುಲ್ಲು ಎಲ್ಲಾ ಸೊಕ್ಕಿ ಬೆಳೆದಿವೆ. ಮಗಳು ಬೆಂಗಳೂರಲ್ಲಿ ಕೆಲಸದಲ್ಲಿದ್ದಾಳೆ. "ಅಮ್ಮ, ಒಣಗಿಸಿ ಕಳಿಸು, ಟೀಗೆ ಹಾಕಿಕೊಳ್ತೀನಿ" ಅಂತ ಎರಡು ತಿಂಗಳಿಂದ ಒಂದೇ ರಾಗ.

ಮೊದಲ ಸಲ ಪುದೀನವನ್ನು ಕಟ್ಟು ಕಟ್ಟಿ ಅಡುಗೆಮನೆ ಮೊಳೆಗೆ ತಲೆಕೆಳಗಾಗಿ ನೇತು ಹಾಕಿದೆ. ಹೊರಗೆ ಚೆನ್ನಾಗೇ ಕಾಣುತ್ತಿತ್ತು. ಐದನೇ ದಿನ ದಾರ ಬಿಚ್ಚಿದರೆ ಕಟ್ಟಿನ ನಡುವೆ ಹತ್ತಿ ಇಟ್ಟ ಹಾಗೆ ಬೆಳ್ಳಗೆ ಬೂಷ್ಟು. ಎರಡನೇ ಸಲ ಜಗಲಿ ಮೇಲೆ ಪೇಪರ್ ಹಾಸಿ ಹರಡಿದೆ. ಪೇಪರೇ ಒದ್ದೆಯಾಗಿ ಎಲೆಗೆ ಅಂಟಿಕೊಂಡಿತು. ಮೂರನೇ ಸಲ ಬಚ್ಚಲ ಒಲೆ ಮೇಲಿನ ಅಟ್ಟಕ್ಕೆ ಹಾಕಿದೆ. ಒಣಗಿತು, ಸುಳ್ಳು ಹೇಳಲ್ಲ. ಆದರೆ ಆ ಟೀ ಕುಡಿದು ನಮ್ಮನೆಯವರು "ಬೀಡಿ ಕುದಿಸಿದ್ದೀಯಾ?" ಅಂದರು.

ದೊಡ್ಡಪತ್ರೆ ಕಥೆ ಹೇಳಲೇಬಾರದು. ಎಂಟು ದಿನ ಆದರೂ ದಪ್ಪಗೆ, ತಣ್ಣಗೆ, ಕಿತ್ತ ದಿನ ಹೇಗಿತ್ತೋ ಹಾಗೇ. ಆಮೇಲೆ ಒಂದೇ ರಾತ್ರಿಗೆ ಕಪ್ಪು. ಮಲೆನಾಡಲ್ಲಿ ಮಳೆಗಾಲದಲ್ಲಿ ಯಾರಾದರೂ ಇದನ್ನು ಸರಿಯಾಗಿ ಒಣಗಿಸಿದ್ದೀರಾ?

ಕಡೂರು ಬಿಸಿಲು
ಇದೂ ಒಂದು ಪ್ರಶ್ನೇನಾ ಅಕ್ಕ? ಮೊರಕ್ಕೆ ಹರಡಿ ಮಾಳಿಗೆ ಮೇಲಿಡಿ. ಸಂಜೆಗೆ ಗರಿಗರಿ.

ಕೊಪ್ಪದ ಮಳೆ
ಬಿಸಿಲು ಅಂದ್ರೆ ಏನು ಅಂತಲೇ ಮರೆತುಹೋಗಿದೆ ತಮ್ಮ. ಪುನರ್ವಸು ಮಳೆ ಹಿಡಿದಿದ್ದು ಬಿಟ್ಟೇ ಇಲ್ಲ. ನಮ್ಮನೆಗೆ ಮಾಳಿಗೆನೂ ಇಲ್ಲ, ಹೆಂಚು.

ತರ್ಲೆ ತಮ್ಮಯ್ಯ
ಕೊಪ್ಪದಲ್ಲಿ ಪುದೀನ ಒಣಗೋದು ಆಮೇಲೆ. ನಮ್ಮಣ್ಣನ ಮದುವೆ ಮೇ ತಿಂಗಳಲ್ಲಿ ಆಯ್ತು, ಧಾರೆ ಪಂಚೆ ಇನ್ನೂ ಹಗ್ಗದ ಮೇಲಿದೆ.

ಶೃಂಗೇರಿ ದೊಡ್ಡಮ್ಮ
ಬೇಜಾರು ಮಾಡ್ಕೋಬೇಡ ಮಾರಾಯ್ತಿ, ಮಳೆಗಾಲದಲ್ಲಿ ಸೊಪ್ಪು ಒಣಗಿಸಲು ಹೊರಟಿದ್ದೇ ತಪ್ಪು. ನಮ್ಮ ಅತ್ತೆ ಎಲ್ಲಾ ಕೆಲಸವನ್ನೂ ಶಿವರಾತ್ರಿ ಆಸುಪಾಸಿನಲ್ಲೇ ಮುಗಿಸುತ್ತಿದ್ದರು. ದಾಳಿಂಬೆ ಕುಡಿ, ಪೇರಲೆ ಕುಡಿ, ಕರಿಬೇವು ಎಲ್ಲಾ ನೆರಳಲ್ಲಿ ಆರಿಸಿ ಡಬ್ಬಿಗೆ ತುಂಬಿದರೆ ಮಳೆಗಾಲ ಪೂರ್ತಿ ತಂಬುಳಿಗೆ ಚಿಂತೆ ಇರಲಿಲ್ಲ. ಮಳೆಗಾಲ ಇರೋದು ಡಬ್ಬಿ ತೆಗೆಯಲು, ಡಬ್ಬಿ ತುಂಬಲು ಅಲ್ಲ.

ಇನ್ನು ಬಚ್ಚಲ ಅಟ್ಟ. ಅದು ಉಪ್ಪಾಗೆ ಸಿಪ್ಪೆಗೆ, ವಾಟೆಹುಳಿಗೆ ಇರೋದು. ಹುಳಿಗೆ ಹೊಗೆ ಹಿಡಿದರೆ ಸಾರಿಗೆ ರುಚಿ. ಪುದೀನಕ್ಕೆ ಹಿಡಿದರೆ ನಿಮ್ಮನೆಯವರು ಹೇಳಿದ್ದೇ ಸರಿ.

ಅರಸೀಕೆರೆ ತೆಂಗು
ಐದು ದಿನಕ್ಕೇ ಇಷ್ಟು ಗೋಳಾ? ನಾವು ಉಂಡೆ ಕೊಬ್ಬರಿ ಆಗಲಿ ಅಂತ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ತಿಂಗಳು ಬಿಡುತ್ತೇವೆ. ಅಲ್ಲಾಡಿಸಿದಾಗ ಒಳಗೆ ಲೊಟಲೊಟ ಅನ್ನೋವರೆಗೂ ಮುಟ್ಟಲ್ಲ.

ತರ್ಲೆ ತಮ್ಮಯ್ಯ
ಅಣ್ಣ, ಪುದೀನ ಅಲ್ಲಾಡಿಸಿದ್ರೆ ಯಾವ ಸದ್ದು ಬರಬೇಕು?

ಕಾಫಿ ಕಣ
ಮೂಡಿಗೆರೆ ಕಡೆಯವನು ನಾನು. ಮೂವತ್ತು ವರ್ಷದಿಂದ ಕಾಫಿ, ಮೆಣಸು ಒಣಗಿಸಿಕೊಂಡೇ ಬದುಕಿದ್ದೇನೆ, ಅದಕ್ಕೆ ಎರಡು ಮಾತು.

ಎಲ್ಲರೂ ಬಿಸಿಲು ಬಿಸಿಲು ಅನ್ನುತ್ತಾರೆ. ಒಣಗಿಸೋದು ಬಿಸಿಲಲ್ಲ, ಗಾಳಿ. ಎಲೆಯಿಂದ ನೀರು ಹೊರಗೆ ಬಂದರೆ ಸಾಲದು, ಅದನ್ನು ಹೊತ್ತುಕೊಂಡು ಹೋಗಲು ಗಾಳಿಯಲ್ಲಿ ಜಾಗ ಇರಬೇಕು. ಜುಲೈನಲ್ಲಿ ನಮ್ಮ ಕಡೆ ಗಾಳಿಯ ತೇವ ನೂರಕ್ಕೆ 95 ಮುಟ್ಟುತ್ತದೆ. ತುಂಬಿದ ಬಸ್ಸಿಗೆ ಇನ್ನೊಬ್ಬ ಹತ್ತಬೇಕು ಅಂದರೆ ಹೇಗೋ ಹಾಗೆ. ಫ್ಯಾನ್ ಹಾಕಿದರೂ ಅಷ್ಟೇ, ಒದ್ದೆ ಗಾಳಿಯನ್ನೇ ತಿರುಗಿಸಿ ತಿರುಗಿಸಿ ಬಿಡುತ್ತದೆ.

ಆದರೆ ಅದೇ ಗಾಳಿಯನ್ನು ಸ್ವಲ್ಪ ಬಿಸಿ ಮಾಡಿದರೆ ಆಟ ಬೇರೆ. 22 ಡಿಗ್ರಿಯಲ್ಲಿ 95 ತೇವ ಇದ್ದ ಗಾಳಿಯನ್ನು 35 ಡಿಗ್ರಿಗೆ ಏರಿಸಿದರೆ ತೇವ 45ರ ಹತ್ತಿರಕ್ಕೆ ಇಳಿಯುತ್ತದೆ. ನೀರು ಎಲ್ಲೂ ಹೋಗಿಲ್ಲ, ಬಸ್ ದೊಡ್ಡದಾಯಿತು ಅಷ್ಟೇ. ಸೊಪ್ಪಿಗೆ ಬೇಕಾದ್ದು ಈ 35ರಿಂದ 45 ಡಿಗ್ರಿ. ಅದಕ್ಕಿಂತ ಮೇಲೆ ಹೋದರೆ ಬೇಗ ಒಣಗುತ್ತದೆ, ಆದರೆ ಘಮ ಎಲ್ಲಾ ಹಾರಿಹೋಗಿ ಒಣಹುಲ್ಲು ಉಳಿಯುತ್ತದೆ.

ಇನ್ನೊಂದು ವಿಷಯ. ಎಲ್ಲಾ ಸೊಪ್ಪೂ ಒಂದೇ ಅಲ್ಲ. ಕರಿಬೇವಿನಲ್ಲಿ ನೂರಕ್ಕೆ 64 ಪಾಲು ನೀರು. ನುಗ್ಗೆ ಸೊಪ್ಪಿನಲ್ಲಿ 76. ಪುದೀನದಲ್ಲಿ 85, ಕೊತ್ತಂಬರಿ, ಮೆಂತ್ಯದಲ್ಲಿ 86. ಕರಿಬೇವು ಅಡುಗೆಮನೆಯಲ್ಲಿ ಸುಮ್ನೆ ಬಿಟ್ಟರೂ ಒಣಗೋದು, ಪುದೀನ ಕೊಳೆಯೋದು ಇದಕ್ಕೇ. ನೇತು ಹಾಕುವ ಪದ್ಧತಿ ಒಣ ಹವೆಯ ಊರಿಗೆ. ನಮ್ಮಲ್ಲಿ ಕಟ್ಟು ಕಟ್ಟಿದರೆ ನಡುವಿನ ಎಲೆಗೆ ಉಸಿರಾಡಲೂ ಜಾಗ ಇಲ್ಲ.

ಕೊಪ್ಪದ ಮಳೆ
ಬಸ್ಸಿನ ಲೆಕ್ಕ ಚೆನ್ನಾಗಿ ಅರ್ಥ ಆಯ್ತು ಅಣ್ಣ. ಹಾಗಾದ್ರೆ 35 ಡಿಗ್ರಿ ಎಲ್ಲಿಂದ ತರಲಿ?

ಹಾಸನ ಹೈದ
ಟಿವಿ ಬಂದ ದೊಡ್ಡ ರಟ್ಟಿನ ಪೆಟ್ಟಿಗೆ ಇದ್ಯಾ? ಕೆಳಗಡೆ ನಾಲ್ಕೂ ಬದಿಗೆ ರೂಪಾಯಿ ಅಗಲದ ತೂತು, ಮೇಲೆ ಮುಚ್ಚಳದಲ್ಲೂ ತೂತು. ತಳದಲ್ಲಿ ಒಂದು 60 ವ್ಯಾಟ್ ಬಲ್ಬ್. ಅದರಿಂದ ಒಂದೂವರೆ ಅಡಿ ಮೇಲೆ ಸೊಳ್ಳೆ ಪರದೆ ಬಟ್ಟೆ ಬಿಗಿದು ಎಲೆ ಹರಡಿ. ಬಿಸಿ ಗಾಳಿ ತಾನಾಗೇ ಮೇಲೇಳುತ್ತೆ, ಕೆಳಗಿಂದ ಹೊಸ ಗಾಳಿ ಬರುತ್ತೆ. ನಮ್ಮಪ್ಪ ಕೋಳಿಮರಿ ಸಾಕಲು ಮಾಡಿದ್ದ ಪೆಟ್ಟಿಗೆ ಅದು, ನಾನು ಪುದೀನಕ್ಕೆ ಬಳಸಿದೆ. ಒಂದೂವರೆ ದಿನ ಹಿಡೀತು.

ತರ್ಲೆ ತಮ್ಮಯ್ಯ
ಈಗಿನ ಎಲ್‌ಇಡಿ ಬಲ್ಬ್ ಹಾಕಿದ್ರೆ ಪುದೀನ ಓದಿಕೊಂಡು ಕೂತಿರುತ್ತೆ ಅಷ್ಟೇ.

ಹಾಸನ ಹೈದ
ಹೌದು, ಹಳೇ ತಂತಿ ಬಲ್ಬೇ ಆಗಬೇಕು, ಎಲ್‌ಇಡಿಗೆ ಕಾವು ಸಾಲಲ್ಲ. ಇನ್ನೊಂದು, ಬಲ್ಬ್ ರಟ್ಟಿಗೆ ತಾಗಬಾರದು. ಒಣಗಿದ ಎಲೆ ಮೇಲಿಂದ ಉದುರಿ ಬಲ್ಬ್ ಮೇಲೆ ಬೀಳದ ಹಾಗೆ ನಡುವೆ ಒಂದು ಜಾಲರಿ ಇಡಿ. ರಾತ್ರಿ ಉರಿಸಿ ಮಲಗಬೇಡಿ.

ಶೃಂಗೇರಿ ದೊಡ್ಡಮ್ಮ
ರಟ್ಟು, ಒಣ ಎಲೆ, ಬಿಸಿ ಬಲ್ಬ್. ಒಲೆ ಹಚ್ಚಲು ಇನ್ನೇನು ಬೇಕು? ಬೇಡ ಮಾರಾಯ್ತಿ, ನಿನ್ನ ಮನೆ ಮಾಡಿಗೆ ಮರದ ಪಕಾಸಿ ಇದೆ.

ಬೆಂಗಳೂರಲ್ಲಿರೋ ಮಲ್ನಾಡಿಗ
ಇಷ್ಟೆಲ್ಲಾ ಯಾಕೆ? ಮೈಕ್ರೋವೇವ್‌ನಲ್ಲಿ ಎರಡು ನಿಮಿಷ. ಟಿಶ್ಯೂ ಪೇಪರ್ ನಡುವೆ ಎಲೆ ಇಟ್ಟು 30 ಸೆಕೆಂಡಿಗೊಮ್ಮೆ ತೆಗೆದು ನೋಡಿ. ಹಸಿರು ಬಣ್ಣ ಹಾಗೇ ಉಳಿಯುತ್ತೆ.

ಸಕಲೇಶಪುರದ ಸೊಸೆ
ಅಯ್ಯೋ, ನನ್ನ ಕಥೆ ಕೇಳಿ. ಕರಿಬೇವು ಇಟ್ಟು ಎರಡು ನಿಮಿಷ ಒತ್ತಿ ಫೋನ್ ತಗೊಂಡೆ. ತವರಿನಿಂದ ಫೋನ್, ಗೊತ್ತಲ್ಲ. ಒಳಗೆ ಚಟ್ ಚಟ್ ಅಂತ ಕಿಡಿ. ತಿರುಗಿ ನೋಡೋ ಹೊತ್ತಿಗೆ ಪೇಪರಿನ ಒಂದು ಮೂಲೆ ಉರಿಯುತ್ತಿತ್ತು. ಬಾಗಿಲು ತೆಗೀಬೇಡ, ಸ್ವಿಚ್ ಆಫ್ ಮಾಡು ಅಂತ ನಮ್ಮ ಮಾವ ಕೂಗಿದ್ದು ಒಳ್ಳೆಯದಾಯ್ತು. ಈಗ ಆ ಪೆಟ್ಟಿಗೆ ಒಳಗೆ ಅನ್ನ ಬಿಸಿ ಮಾಡಿದರೂ ಸುಟ್ಟ ಒಗ್ಗರಣೆ ವಾಸನೆ.

ಬೆಂಗಳೂರಲ್ಲಿರೋ ಮಲ್ನಾಡಿಗ
ಅದಕ್ಕೇ 30 ಸೆಕೆಂಡ್ ಅಂದಿದ್ದು ಅಕ್ಕ, ಎರಡು ನಿಮಿಷ ಒಟ್ಟಿಗೆ ಅಲ್ಲ. ಒಂದು ಹಿಡಿ ಮಾತ್ರ ಇಡಬೇಕು. ನೀರಿನಂಶ ಮುಗಿದ ಮೇಲೂ ಓಡಿಸಿದರೆ ಎಲೆ ಹೊತ್ತಿಕೊಳ್ಳುತ್ತೆ.

ಕೊಪ್ಪದ ಮಳೆ
ನಮ್ಮನೇಲಿ ಮೈಕ್ರೋವೇವ್ ಇಲ್ಲ. ಇದ್ದಿದ್ದರೂ ಈ ಕಥೆ ಕೇಳಿ ಆಚೆ ಇಡುತ್ತಿದ್ದೆ. ಒಂದು ಹಿಡಿ ಒಂದು ಹಿಡಿ ಅಂತ ಒಣಗಿಸಿದರೆ ನನ್ನ ಗಿಡ ಮುಗಿಯೋದು ದೀಪಾವಳಿಗೆ.

ಗಿಡದ ಹುಚ್ಚ
ದೊಡ್ಡಪತ್ರೆ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಅದರ ಎಲೆ ಒಂದು ನೀರಿನ ಚೀಲ. ಹೊರಗೆ ಸಣ್ಣ ರೋಮ, ಒಳಗೆ ರಸ. ನೀರು ಹಿಡಿದಿಟ್ಟುಕೊಳ್ಳೋದೇ ಆ ಗಿಡದ ಕಸುಬು. ಅದಕ್ಕೇ ಕಿತ್ತ ಎಲೆ ವಾರ ಬಾಡಲ್ಲ, ಒಂದು ಕಡ್ಡಿ ಮುರಿದು ಮಣ್ಣಿಗೆ ಚುಚ್ಚಿದರೆ ಬದುಕುತ್ತದೆ. ಇಡೀ ಎಲೆ ಒಣಗಿಸಲು ಹೋದರೆ ಒಳಗಿನ ನೀರು ಹೊರಬರುವ ಮೊದಲೇ ಕೊಳೆಯುತ್ತದೆ. ಕತ್ತರಿಯಲ್ಲಿ ಸಣ್ಣ ಎಳೆ ಎಳೆಯಾಗಿ ಕತ್ತರಿಸಿ, ಬಟ್ಟೆ ಮೇಲೆ ಒಂದೇ ಪದರ ಹರಡಬೇಕು. ಆಗಲೂ ಹಸಿರು ಉಳಿಯಲ್ಲ, ಕಂದು ಆಗುತ್ತೆ. ಘಮ ಮಾತ್ರ ಉಳಿಯುತ್ತೆ.

ಆ ಘಮ ಕಾರ್ವಕ್ರೋಲ್ ಮತ್ತು ಥೈಮಾಲ್ ಅನ್ನೋ ಎರಡು ಅಂಶಗಳದ್ದು. ಪಿಜ್ಜಾ ಮೇಲೆ ಉದುರಿಸುವ ಒರೆಗಾನೊದಲ್ಲೂ ಮುಖ್ಯವಾಗಿ ಇವೇ. ಹಾಗಾಗಿ ಒಣ ದೊಡ್ಡಪತ್ರೆಯನ್ನು ಒರೆಗಾನೊ ಜಾಗಕ್ಕೆ ಹಾಕಿದರೆ ಗೊತ್ತಾಗೋದು ಕಷ್ಟ.

ಕಡೂರು ಬಿಸಿಲು
ನಮ್ಮೂರಲ್ಲಿ ಅದನ್ನ ಅಜ್ವೈನ್ ಗಿಡ ಅಂತ ನರ್ಸರಿಯವರು ಮಾರ್ತಾರೆ. ಓಂಕಾಳು ಬಿಡೋದು ಅದೇ ಅಲ್ವಾ?

ಗಿಡದ ಹುಚ್ಚ
ಅಲ್ಲ. ಓಂಕಾಳಿನ ಗಿಡ ಬೇರೆ, ಕೊತ್ತಂಬರಿ, ಜೀರಿಗೆಯ ಕುಟುಂಬದ್ದು, ಎಲೆ ದಾರದ ಹಾಗೆ ಸೀಳಿರುತ್ತೆ. ದೊಡ್ಡಪತ್ರೆ ತುಳಸಿ, ಪುದೀನದ ಕುಟುಂಬ. ಥೈಮಾಲ್ ಎರಡರಲ್ಲೂ ಇರೋದಕ್ಕೆ ವಾಸನೆ ಒಂದೇ ಥರ. ನರ್ಸರಿಯವರು ವಾಸನೆ ನೋಡಿ ಹೆಸರಿಟ್ಟಿದ್ದಾರೆ. ಅದನ್ನು ಹತ್ತು ವರ್ಷ ಬೆಳೆಸಿದರೂ ಒಂದು ಓಂಕಾಳೂ ಸಿಗಲ್ಲ.

ಶೃಂಗೇರಿ ದೊಡ್ಡಮ್ಮ
ನಾವು ಸಂಬಾರ ಸೊಪ್ಪು ಅಂತೀವಿ. ಅದನ್ನ ಒಣಗಿಸೋದು ಯಾಕೋ ನನಗಂತೂ ತಿಳಿಯಲ್ಲ. ವರ್ಷ ಪೂರ್ತಿ ಹಸಿಯೇ ಸಿಗೋ ಸೊಪ್ಪು. ಬೆಣ್ಣೆಯಲ್ಲಿ ಬಾಡಿಸಿ, ಕಾಯಿ, ಜೀರಿಗೆ ಜೊತೆ ಅರೆದು ಮಜ್ಜಿಗೆ ಹಾಕಿದರೆ ತಂಬುಳಿ. ಮಗಳಿಗೆ ಒಂದು ಕಡ್ಡಿ ಕಳಿಸು, ಅಲ್ಲೇ ಕುಂಡದಲ್ಲಿ ನೆಟ್ಟುಕೊಳ್ಳಲಿ.

ತರ್ಲೆ ತಮ್ಮಯ್ಯ
ದೊಡ್ಡಮ್ಮ ಒಂದೇ ಮಾತಲ್ಲಿ ಮುಗಿಸಿಬಿಟ್ರು. ಚರ್ಚೆ ಮುಚ್ಚಿ ಎಲ್ಲರೂ ಮನೆಗೆ ನಡೀರಿ.

ಕೊಪ್ಪದ ಮಳೆ
ದೊಡ್ಡಮ್ಮ, ಮಗಳು ಇರೋದು ಪಿಜಿಯಲ್ಲಿ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಕುಂಡ ಇಡಲು ಜಾಗ ಇದ್ದಿದ್ದರೆ ನಾನು ಇಷ್ಟು ಒದ್ದಾಡುತ್ತಿರಲಿಲ್ಲ.

ಸಕಲೇಶಪುರದ ಸೊಸೆ
ಮೈಕ್ರೋವೇವ್ ಸುಟ್ಟ ಮೇಲೆ ನಾನು ಕಂಡುಕೊಂಡ ದಾರಿ ಹೇಳ್ತೀನಿ, ನಗಬೇಡಿ. ಫ್ರಿಜ್.

ಒಂದು ಸಲ ಪುದೀನ ಸೋಸಿ ತಟ್ಟೆಯಲ್ಲಿ ಇಟ್ಟಿದ್ದೆ, ಮುಚ್ಚಲು ಮರೆತೆ. ಹಿಂದೆ ಮೂಲೆಗೆ ಸೇರಿಕೊಂಡಿತ್ತು. ವಾರದ ಮೇಲೆ ನೋಡಿದರೆ ಎಲೆ ಒಣಗಿ ಹಪ್ಪಳ. ಬಣ್ಣ ಹಸಿರು, ಮೂಗಿಗೆ ಹಿಡಿದರೆ ಕಣ್ಣಲ್ಲಿ ನೀರು ಬರೋಷ್ಟು ಘಾಟು. ಆಮೇಲೆ ಬೇಕಂತಲೇ ಮಾಡಲು ಶುರು ಮಾಡಿದೆ. ಸ್ಟೀಲ್ ಜರಡಿ ಮೇಲೆ ಒಂದೇ ಪದರ, ಮುಚ್ಚಳ ಇಲ್ಲ, ಆರೇಳು ದಿನ.

ಕಡೂರು ಬಿಸಿಲು
ಫ್ರಿಜ್ ಒಳಗೆ ತಣ್ಣಗೆ ಇರುತ್ತೆ, ಅಲ್ಲಿ ಹೇಗೆ ಒಣಗುತ್ತೆ? ಕಾಫಿ ಕಣದ ಅಣ್ಣ ಬಿಸಿ ಬೇಕು ಅಂದ್ರು, ಇವರು ತಣ್ಣಗೆ ಅಂತಾರೆ. ಯಾರದು ಸರಿ?

ರಿಪೇರಿ ರಂಗಣ್ಣ
ಇಬ್ಬರದೂ ಸರಿ. ಹಾಸನದಲ್ಲಿ ಫ್ರಿಜ್ ರಿಪೇರಿ ನನ್ನ ಕೆಲಸ, ಹೇಳ್ತೀನಿ ಕೇಳಿ.

ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಒಳಗೊಂದು ಫ್ಯಾನ್ ಇರುತ್ತದೆ. ಅದು ಗಾಳಿಯನ್ನು ಹಿಂದಿರುವ ತಣ್ಣನೆ ಕಾಯಿಲ್ ಮೇಲೆ ಓಡಿಸುತ್ತದೆ. ಗಾಳಿಯಲ್ಲಿದ್ದ ನೀರು ಅಲ್ಲಿ ಹಿಮವಾಗಿ ಕೂರುತ್ತದೆ. ಆಗಾಗ ಹೀಟರ್ ಆ ಹಿಮ ಕರಗಿಸಿ ಪೈಪಿನಲ್ಲಿ ಹೊರಗೆ ಬಿಡುತ್ತದೆ. ಅಂದರೆ ದಿನವಿಡೀ ಗಾಳಿಯಿಂದ ನೀರು ಹಿಂಡುವ ಕೆಲಸ. ಮುಚ್ಚದೆ ಇಟ್ಟ ಚಪಾತಿ ಹಿಟ್ಟು ಮೇಲೆ ಸಿಪ್ಪೆ ಕಟ್ಟುತ್ತಲ್ಲ, ಅದು ಇದಕ್ಕೇ. ಕೊಪ್ಪದ ಮನೆಯಲ್ಲಿ ಜುಲೈ ತಿಂಗಳಲ್ಲಿ ಒಣ ಗಾಳಿ ಇರುವ ಜಾಗ ಅದೊಂದೇ ಇರಬಹುದು.

ಆದರೆ ಒಂಟಿ ಬಾಗಿಲಿನ, ಒಳಗೆ ಮಂಜುಗಡ್ಡೆ ಕಟ್ಟುವ ಹಳೇ ಫ್ರಿಜ್ ಆದರೆ ಬೇಡ. ಅದರಲ್ಲಿ ಫ್ಯಾನ್ ಇಲ್ಲ, ತೇವ ಜಾಸ್ತಿ. ತರಕಾರಿ ಡ್ರಾಯರ್‌ನಲ್ಲೂ ಇಡಬೇಡಿ, ಅದು ತೇವ ಹಿಡಿದಿಡಲೆಂದೇ ಮಾಡಿದ್ದು. ಮೇಲಿನ ತಟ್ಟೆಯಲ್ಲಿ, ಗಾಳಿ ಬರುವ ತೂತಿನ ಮುಂದೆ ಇಡಿ.

ಕಾಫಿ ಕಣ
ರಂಗಣ್ಣ ಹೇಳಿದ್ದು ಒಪ್ಪಿದೆ. ನಾನು ಬಸ್ ದೊಡ್ಡದು ಮಾಡಿ ಅಂದೆ, ಇವರು ಜನರನ್ನು ಇಳಿಸಿ ಅಂತಿದ್ದಾರೆ. ಎಲೆಗೆ ಎರಡೂ ಒಂದೇ.

ಕೊಪ್ಪದ ಮಳೆ
ನಮ್ಮದು ಎರಡು ಬಾಗಿಲಿನದ್ದು, ಹಿಮ ಕಟ್ಟಲ್ಲ. ಕರೆಂಟ್ ಹೋದರೆ? ಮೊನ್ನೆ ಮರ ಬಿದ್ದು ಒಂದೂವರೆ ದಿನ ಇರಲಿಲ್ಲ.

ರಿಪೇರಿ ರಂಗಣ್ಣ
ಕೆಲವು ಗಂಟೆ ಪರವಾಗಿಲ್ಲ, ಬಾಗಿಲು ಪದೇ ಪದೇ ತೆಗೀಬೇಡಿ. ದಿನಗಟ್ಟಲೆ ಹೋದರೆ ಎಲೆಯ ಮೊದಲು ಹಾಲಿನ ಯೋಚನೆ ಮಾಡಿ.

ಕಡೂರಿನ ತಂಗಿ
ಕಡೂರಿನವರೇ, ನಿಮ್ಮ ಬಿಸಿಲಿನ ಜಂಭಕ್ಕೆ ನನ್ನದೊಂದು ಕಥೆ. ನಾನು ಕಡೂರಿಗೆ ಸೊಸೆಯಾಗಿ ಬಂದವಳು, ತವರು ಬಾಳೆಹೊನ್ನೂರು. ಅಮ್ಮ ಪ್ರತಿ ಮಳೆಗಾಲ ಗೋಳಾಡೋದು ನೋಡಿ, "ಬಸ್ಸಿಗೆ ಹಾಕಿ ಕಳಿಸು, ಇಲ್ಲಿ ಒಣಗಿಸಿ ವಾಪಸ್ ಕೊಡ್ತೀನಿ" ಅಂದೆ. ಅಮ್ಮ ಹುರುಪಿನಲ್ಲಿ ಗೋಣಿಚೀಲ ತುಂಬಾ ತುಳಸಿ, ಪುದೀನ ಒತ್ತಿ ಒತ್ತಿ ತುಂಬಿ ಕಳಿಸಿದರು. ಬಸ್ ಸ್ಟ್ಯಾಂಡಲ್ಲಿ ಚೀಲ ಮುಟ್ಟಿದರೆ ಜ್ವರ ಬಂದ ಮೈ ಥರ ಬಿಸಿ. ಬಿಚ್ಚಿದರೆ ನಡುವಿನದ್ದೆಲ್ಲಾ ಕಪ್ಪಗೆ ಬೆಂದು ಹೋಗಿತ್ತು. ಗೊಬ್ಬರ ಗುಂಡಿಗೆ ಸುರಿದು, ಅಮ್ಮನಿಗೆ "ಚೆನ್ನಾಗಿ ಒಣಗಿದೆ" ಅಂತ ಸುಳ್ಳು ಹೇಳಿ, ಅಂಗಡಿಯಿಂದ ಒಂದು ಪ್ಯಾಕೆಟ್ ತಂದು ಕೊಟ್ಟೆ. ಅಮ್ಮ ಇವತ್ತಿಗೂ ನಮ್ಮ ಕಡೂರಿನ ಬಿಸಿಲನ್ನು ಹೊಗಳುತ್ತಾರೆ.

ಕಾಫಿ ಕಣ
ಕಿತ್ತ ಎಲೆಯೂ ಉಸಿರಾಡುತ್ತಿರುತ್ತೆ ತಂಗಿ, ಒತ್ತಿ ತುಂಬಿದರೆ ಒಳಗೇ ಕಾವು ಏರುತ್ತದೆ. ಕಾಫಿ ಹಣ್ಣನ್ನು ಚೀಲದಲ್ಲಿ ಎರಡು ದಿನ ಬಿಟ್ಟರೂ ಇದೇ ಗತಿ.

ಕಡೂರು ಬಿಸಿಲು
ಬಿಸಿಲಿನ ತಪ್ಪಲ್ಲ ಅಂತ ಆಯ್ತಲ್ಲ!

ಗಿಡದ ಹುಚ್ಚ
ಬಿಸಿಲಿನ ತಪ್ಪೂ ಇದೆ ಸ್ವಾಮಿ. ನೇರ ಬಿಸಿಲಿಗೆ ಇಟ್ಟ ಪುದೀನ ಸಂಜೆಗೆ ಗರಿಗರಿ ಅಂದಿರಲ್ಲ, ಬಣ್ಣ ನೋಡಿದ್ದೀರಾ? ಹುಲ್ಲಿನ ಬಣ್ಣ. ಹಸಿರು ಹೋಗುತ್ತೆ, ಎಣ್ಣೆ ಅಂಶ ಹಾರಿಹೋಗುತ್ತೆ. ನಿಮ್ಮೂರಲ್ಲಿ ಗಾಳಿ ಒಣ ಇದೆ, ಅದು ನಿಮ್ಮ ಭಾಗ್ಯ. ನೆರಳಲ್ಲಿ, ತೆಳು ಬಟ್ಟೆ ಮುಚ್ಚಿ ಎರಡು ದಿನ ಇಡಿ. ಆಮೇಲೆ ಎರಡನ್ನೂ ಪಕ್ಕ ಪಕ್ಕ ಇಟ್ಟು ಮೂಸಿ ನೋಡಿ.

ಹಾಸನ ಹೈದ
ನಮ್ಮ ಚಿಕ್ಕಪ್ಪ ಕಾರಿನೊಳಗೆ ಒಣಗಿಸ್ತಾರೆ. ಏಪ್ರಿಲ್‌ನಲ್ಲಿ ಗಾಜು ಒಂದು ಬೆರಳು ಇಳಿಸಿ ಹಿಂದಿನ ಸೀಟಲ್ಲಿ ಮೆಂತ್ಯ ಸೊಪ್ಪು. ಕಾರು ವರ್ಷ ಪೂರ್ತಿ ಪಂಜಾಬಿ ಢಾಬಾ ವಾಸನೆ.

ಸಕಲೇಶಪುರದ ಸೊಸೆ
ಮೆಂತ್ಯ ಅಂದ ಕೂಡಲೇ ನೆನಪಾಯ್ತು. ಕಸೂರಿ ಮೇಥಿ ಮನೆಯಲ್ಲೇ ಮಾಡಬಹುದಾ? ನಾನು ಮೆಂತ್ಯ ಸೊಪ್ಪು ಒಣಗಿಸಿ ನೋಡಿದೆ, ಅಂಗಡಿಯದರ ಘಮ ಬರಲ್ಲ.

ಗಿಡದ ಹುಚ್ಚ
ಬರಲ್ಲ, ಯಾಕಂದ್ರೆ ಅದು ಬೇರೆ ಜಾತಿ. ಕಸೂರಿ ಮೇಥಿ ಮೆಂತ್ಯದ ಹತ್ತಿರದ ನೆಂಟ, ಎಲೆ, ಕಾಯಿ ಎರಡೂ ಸಣ್ಣದು. ಹೆಸರು ಬಂದಿದ್ದು ಈಗ ಪಾಕಿಸ್ತಾನದಲ್ಲಿರುವ ಕಸೂರ್ ಊರಿನಿಂದ. ಈಗ ನಮ್ಮ ದೇಶದಲ್ಲಿ ರಾಜಸ್ಥಾನದ ನಾಗೌರ್ ಕಡೆ ಬೆಳೆಯುತ್ತಾರೆ. ನಮ್ಮ ಮೆಂತ್ಯ ಒಣಗಿಸಿದರೆ ಒಣ ಮೆಂತ್ಯ ಸೊಪ್ಪು ಆಗುತ್ತೆ ಅಷ್ಟೇ. ಚಪಾತಿ ಹಿಟ್ಟಿಗೆ ಚೆನ್ನಾಗೇ ಇರುತ್ತೆ.

ಬೆಂಗಳೂರಲ್ಲಿರೋ ಮಲ್ನಾಡಿಗ
ಕೊತ್ತಂಬರಿ ಸೊಪ್ಪು?

ಸಕಲೇಶಪುರದ ಸೊಸೆ
ದಯವಿಟ್ಟು ಬೇಡ. ಒಣಗಿದ ಮೇಲೆ ಕಾಗದದ ಚೂರು. ಹೆಚ್ಚಿ, ಐಸ್ ಟ್ರೇಯಲ್ಲಿ ನೀರು ಹಾಕಿ ಫ್ರೀಜ್ ಮಾಡಿ, ಸಾರು ಇಳಿಸುವಾಗ ಒಂದು ಗಡ್ಡೆ ಹಾಕಿ.

ಅರಸೀಕೆರೆ ತೆಂಗು
ಒಣಗಿಸೋ ತಲೆನೋವೇ ಬೇಡ. ಹಸಿ ಎಲೆ ಬೆಳ್ಳುಳ್ಳಿ ಜೊತೆ ಬಾಟಲಿಗೆ ಹಾಕಿ ಎಣ್ಣೆ ಸುರಿದಿಡಿ. ವಿಡಿಯೋದಲ್ಲಿ ನೋಡಿದೆ, ಆರು ತಿಂಗಳು ಇರುತ್ತಂತೆ.

ಗಿಡದ ಹುಚ್ಚ
ಅಣ್ಣ, ಇದು ಮಾತ್ರ ಮಾಡಬೇಡಿ. ಹಸಿ ಸೊಪ್ಪು, ಬೆಳ್ಳುಳ್ಳಿ ಎಣ್ಣೆಯಲ್ಲಿ ಮುಳುಗಿದರೆ ಗಾಳಿ ಸಿಗಲ್ಲ, ನೀರಿನಂಶ ಇರುತ್ತೆ, ಹುಳಿ ಇಲ್ಲ. ಬಾಟುಲಿಸಂ ಅನ್ನೋ ಕಾಯಿಲೆ ತರುವ ವಿಷ ಹುಟ್ಟಿಸುವ ಬ್ಯಾಕ್ಟೀರಿಯಾಗೆ ಇದಕ್ಕಿಂತ ಒಳ್ಳೇ ಮನೆ ಬೇಡ. ವಾಸನೆ, ಬಣ್ಣ ಏನೂ ಬದಲಾಗಲ್ಲ, ನೋಡಿದರೆ ಗೊತ್ತೂ ಆಗಲ್ಲ. ಮಾಡಲೇಬೇಕು ಅಂದರೆ ಫ್ರಿಜ್‌ನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ. ನಮ್ಮ ಉಪ್ಪಿನಕಾಯಿಯ ಕಥೆ ಬೇರೆ, ಅದರಲ್ಲಿ ಉಪ್ಪು, ಹುಳಿ ಕಾವಲಿಗಿದೆ.

ಅರಸೀಕೆರೆ ತೆಂಗು
ಅಬ್ಬಾ. ಬಾಟಲಿ ನಿನ್ನೆ ತಾನೇ ತುಂಬಿದ್ದೆ. ಚೆಲ್ಲಿ ಬಂದೆ.

ಕಡೂರಿನ ತಂಗಿ
ಒಣಗಿಸಿದ ಮೇಲೆ ಇಡೋದು ಹೇಗೆ ಅಂತಲೂ ಹೇಳಿ. ನಮ್ಮಮ್ಮನ ಡಬ್ಬಿ ತೆಗೆದರೆ ಮುಗ್ಗಲು ವಾಸನೆ.

ಕಾಫಿ ಕಣ
ಗಾಜಿನ ಬಾಟಲಿ, ಬಿಗಿ ಮುಚ್ಚಳ, ಕತ್ತಲೆ. ಎಲೆ ಪುಡಿ ಮಾಡಬೇಡಿ, ಇಡಿಯಾಗಿ ತುಂಬಿ, ಬಳಸುವಾಗ ಅಂಗೈಯಲ್ಲಿ ಉಜ್ಜಿ. ತುಂಬಿದ ಮೊದಲ ವಾರ ದಿನಾ ಬಾಟಲಿ ನೋಡಿ. ಒಳಗಡೆ ಗಾಜಿಗೆ ಮಂಜು ಕೂತಿದ್ದರೆ ಎಲೆ ಇನ್ನೂ ಹಸಿ ಅಂತ ಅರ್ಥ, ಆಗಲೇ ಹೊರಗೆ ತೆಗೆದು ಮತ್ತೆ ಒಣಗಿಸಿ. ಬೂಷ್ಟು ಬಂದರೆ ಮೇಲಿನದ್ದು ತೆಗೆದು ಕೆಳಗಿನದ್ದು ಬಳಸೋ ಜಿಪುಣತನ ಬೇಡ, ಪೂರ್ತಿ ಎಸೆಯಿರಿ.

ಒಣಗಿದೆಯೋ ಇಲ್ಲವೋ ಅಂತ ಕೈಗೆ ಗೊತ್ತಾಗದಿದ್ದರೆ ತಕ್ಕಡಿ ನಂಬಿ. ಕಡ್ಡಿ ಬಿಡಿಸಿದ ಪುದೀನ ಎಲೆ ಅರ್ಧ ಕಿಲೋ ಇಟ್ಟರೆ ಕೊನೆಗೆ 80ರಿಂದ 85 ಗ್ರಾಂ ಉಳಿಯಬೇಕು. 100 ಇದ್ದರೆ ಇನ್ನೂ ನೀರಿದೆ.

ಬೆಂಗಳೂರಲ್ಲಿರೋ ಮಲ್ನಾಡಿಗ
ಬಾಟಲಿಗೆ ಶೂ ಡಬ್ಬದಲ್ಲಿ ಬರೋ ಸಿಲಿಕಾ ಪ್ಯಾಕೆಟ್ ಹಾಕಬಹುದಾ?

ಗಿಡದ ಹುಚ್ಚ
ಶೂ ಡಬ್ಬದ್ದು ತಿನ್ನುವ ಪದಾರ್ಥಕ್ಕೆ ಬೇಡ. ಅದರಲ್ಲೂ ನೀಲಿ ಮಣಿ ಇರುವುದು ಖಂಡಿತ ಬೇಡ, ಆ ನೀಲಿ ಕೋಬಾಲ್ಟ್ ಕ್ಲೋರೈಡ್‌ನದ್ದು. ಆಹಾರಕ್ಕೆ ಅಂತಲೇ ಮಾಡಿದ ಪ್ಯಾಕೆಟ್ ಸಿಗುತ್ತೆ. ಇಲ್ಲ ಅಂದರೆ ಒಂದು ಚಮಚ ಅಕ್ಕಿ ಹುರಿದು, ಆರಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಹಾಕಿ.

ಹಾಸನ ಹೈದ
ಒಣಗಿಸೋ ಯಂತ್ರ ಸಿಗುತ್ತಲ್ಲ, ಡಿಹೈಡ್ರೇಟರ್. ನನ್ನ ಸ್ನೇಹಿತನ ಹತ್ತಿರ ಇರೋದು 350 ವ್ಯಾಟ್. ಎಂಟು ಗಂಟೆ ಓಡಿಸಿದರೆ ಮೂರು ಯೂನಿಟ್ ಒಳಗೇ. 40 ಡಿಗ್ರಿಗೆ ಇಟ್ಟರೆ ಪುದೀನ ಅಷ್ಟರಲ್ಲಿ ಮುಗಿಯುತ್ತೆ.

ಶೃಂಗೇರಿ ದೊಡ್ಡಮ್ಮ
ಎರಡು ಹಿಡಿ ಸೊಪ್ಪಿಗೆ ಒಂದು ಯಂತ್ರ. ಆಮೇಲೆ ಅದನ್ನ ಅಟ್ಟಕ್ಕೆ ಹಾಕ್ತೀರಿ, ಉಪ್ಪಾಗೆ ಪಕ್ಕ.

ಕೊಪ್ಪದ ಮಳೆ (ಹನ್ನೊಂದು ದಿನದ ನಂತರ)
ಎಲ್ಲರಿಗೂ ವರದಿ ಒಪ್ಪಿಸಲು ಬಂದೆ.

ಪುದೀನ: ಸಕಲೇಶಪುರದ ಸೊಸೆ ಹೇಳಿದ ಹಾಗೆ ಫ್ರಿಜ್. ಮಳೆ ಸ್ವಲ್ಪ ಬಿಟ್ಟ ದಿನ ಬೆಳಿಗ್ಗೆ ಕಿತ್ತೆ. ತೊಳೆದು, ಹಳೇ ಕಾಟನ್ ಪಂಚೆಯಲ್ಲಿ ಸುತ್ತಿ ಒತ್ತಿ, ಮೇಲಿನ ನೀರೆಲ್ಲಾ ಹೋಗೋವರೆಗೂ ಫ್ಯಾನ್ ಕೆಳಗೆ ಇಟ್ಟೆ. ಅರ್ಧ ಕಿಲೋ ಎಲೆ, ಎರಡು ಜರಡಿ, ಒಂದು ಇಡ್ಲಿ ಬಟ್ಟೆ. ನಡುವೆ ಆರು ಗಂಟೆ ಕರೆಂಟ್ ಇರಲಿಲ್ಲ. ಏಳನೇ ದಿನ ತೂಗಿದರೆ 92 ಗ್ರಾಂ. ಮುಟ್ಟಿದರೆ ಒಣಗಿದೆ ಅನ್ನಿಸಿತ್ತು, ಕಾಫಿ ಕಣದ ಅಣ್ಣನ ಲೆಕ್ಕ ನೆನಪಾಗಿ ವಾಪಸ್ ಇಟ್ಟೆ. ಒಂಬತ್ತನೇ ದಿನ 84. ಕಡ್ಡಿ ಟಕ್ ಅಂತ ಮುರೀತು. ಹಸಿರು ಹಾಗೇ ಇದೆ.

ಮಜ್ಜಿಗೆ ಹುಲ್ಲಿಗೆ ಏನೂ ಕಷ್ಟ ಆಗಲಿಲ್ಲ. ಒಣಗುವ ಮೊದಲೇ ಕತ್ತರಿಯಲ್ಲಿ ಅರ್ಧ ಇಂಚು ತುಂಡು ಮಾಡಿ, ಸ್ಟವ್ ಆರಿಸಿದ ಮೇಲೆ ಪಕ್ಕದ ಬಿಸಿ ಕಲ್ಲಿನ ಮೇಲೆ ದಿನಾ ಇಟ್ಟೆ, ಐದು ದಿನಕ್ಕೆ ಆಯ್ತು.

ದೊಡ್ಡಪತ್ರೆ ಎಳೆ ಎಳೆಯಾಗಿ ಕತ್ತರಿಸಿದೆ. ಕೈಯೆಲ್ಲಾ ಮೂರು ದಿನ ಅದೇ ವಾಸನೆ. ಅದಕ್ಕೆ ಮಾತ್ರ ಹಾಸನದ ತಮ್ಮನ ಪೆಟ್ಟಿಗೆ ಮಾಡಿದೆ. ರಟ್ಟು ಬೇಡ ಅಂತ ದೊಡ್ಡಮ್ಮ ಬೈದಿದ್ದಕ್ಕೆ ತಗಡಿನ ಹಳೇ ಟ್ರಂಕ್ ಬಳಸಿದೆ, ಮೊಳೆಯಲ್ಲಿ ತೂತು ಹೊಡೆದುಕೊಟ್ಟಿದ್ದು ನಮ್ಮನೆಯವರು. ಹಗಲು ಮಾತ್ರ ಉರಿಸಿ ನಾಲ್ಕು ದಿನ. ಬಣ್ಣ ಕಂದು, ನೋಡಲು ನಶ್ಯದ ಹಾಗಿದೆ. ಆದರೆ ಮುಚ್ಚಳ ತೆಗೆದರೆ ಚಾವಡಿಯವರೆಗೂ ಘಮ. ದೋಸೆ ಮೇಲೆ ಟೊಮೇಟೊ, ಬೆಣ್ಣೆ ಹಾಕಿ ಉದುರಿಸಿದೆ. ಮಗ "ಇದು ಪಿಜ್ಜಾ ಅಲ್ವಾ?" ಅಂದ.

ಗಿಡದ ಹುಚ್ಚ
ಹಸಿ ಎಲೆ ಮೂರು ಚಮಚ ಹಾಕುವ ಕಡೆ ಒಣಗಿದ್ದು ಒಂದು ಚಮಚ ಸಾಕು ಅಂತ ಮಗಳಿಗೆ ಹೇಳಿ. ದೊಡ್ಡಪತ್ರೆ ಅಂತೂ ಚಿಟಿಕೆ ಸಾಕು, ಜಾಸ್ತಿ ಆದರೆ ಕಹಿ.

ಸಕಲೇಶಪುರದ ಸೊಸೆ
ಅಕ್ಕ ಖುಷಿಯಾಯ್ತು! ಫ್ರಿಜ್‌ನಲ್ಲಿ ಹಾಲಿಗೆ ಮುಚ್ಚಳ ಹಾಕಿದ್ರಿ ತಾನೆ? ಹೇಳೋಕೆ ಮರೆತಿದ್ದೆ.

ಕೊಪ್ಪದ ಮಳೆ
ಈಗ ಹೇಳ್ತಿದೀಯಾ? ಒಂಬತ್ತು ದಿನ ನಮ್ಮನೇಲಿ ಪುದೀನ ಕಾಫಿ.

ಕಾಫಿ ಕಣ
ಇದನ್ನು ಮಾತ್ರ ಮೂಡಿಗೆರೆಯವರು ಕ್ಷಮಿಸಲ್ಲ.